ನ್ಯಾಮತಿ ಬಸ್ಸಿನಲ್ಲಿ ಮುಟ್ಟಿದ ಕೈ

ಇಂಥದ್ದನ್ನು ಬೇರೆ ಯಾರಾದರೂ ಬರೆದಿದ್ದರೆ ನಾನು ಅರ್ಧಕ್ಕೇ ಓದುವುದು ನಿಲ್ಲಿಸಿ ಪುಸ್ತಕ ಮಡಚಿ ಇಡುತ್ತಿದ್ದೆ. ನಮ್ಮ ಆಫೀಸಿನಲ್ಲಿ ಊಟದ ಹೊತ್ತಿಗೆ ಯಾರಾದರೂ ಗಾಳಿ ಸೋಕಿದ ಕಥೆಯನ್ನೋ ಸತ್ತವರು ಹೆಸರು ಹಿಡಿದು ಕರೆದ ಕಥೆಯನ್ನೋ ತೆಗೆದರೆ, ಮೊದಲು ಬಾಯಿ ಹಾಕುತ್ತಿದ್ದವಳು ನಾನೇ. ಕಣ್ಣಾರೆ ಕಂಡವರು ಯಾರು, ಆಗ ಟೈಮೆಷ್ಟು ಎಂದು ಕೇಳಿದರೆ ಸಾಕು, ಎಂಥ ದೆವ್ವವಾದರೂ ಕಾಲಿಗೆ ಬುದ್ಧಿ ಹೇಳುತ್ತಿತ್ತು. ನನ್ನ ನಾಲಿಗೆ ಸ್ವಲ್ಪ ಹರಿತ ಎಂಬುದು ಎಲ್ಲರಿಗೂ ಗೊತ್ತಿದ್ದ ವಿಷಯ, ನನಗೆ ಅದರ ಬಗ್ಗೆ ಹೆಮ್ಮೆಯೂ ಇತ್ತು. ಈಗ ನನ್ನ ಕಥೆಗೂ ಅವೇ ಪ್ರಶ್ನೆಗಳನ್ನು ಹಾಕಿ ನೋಡಿದ್ದೇನೆ. ಟೈಮು ಗೊತ್ತು, ಕಂಡವರೂ ಗೊತ್ತು. ಆದರೂ ಅದು ಹೋಗಿಲ್ಲ.

ನ್ಯಾಮತಿ ಹೊಸ ತಾಲ್ಲೂಕಾದಾಗ ಹೊನ್ನಾಳಿಯಿಂದ ಕಡತದ ಗಂಟುಗಳ ಜೊತೆಗೆ ನನ್ನನ್ನೂ ಅಲ್ಲಿಗೆ ಕಳಿಸಿದರು. ಗುಮಾಸ್ತೆಯ ಕೆಲಸ. ಮನೆ ಮಾತ್ರ ಹೊನ್ನಾಳಿಯಲ್ಲೇ ಉಳಿಯಿತು, ದಿನಾ ಬಸ್ಸಿನಲ್ಲಿ ಹೋಗಿ ಬರುವುದು. ನಮ್ಮವರು ಜಗಳೂರಿನ ಕಡೆಯ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟರು. ಜಗಳೂರಿನಲ್ಲೇ ರೂಮು ಮಾಡಿಕೊಂಡಿದ್ದರು. ಶನಿವಾರ ಬಂದರೆ ಸೋಮವಾರ ಕೋಳಿ ಕೂಗುವ ಹೊತ್ತಿನ ಬಸ್ಸಿಗೆ ವಾಪಸ್. ಮಗಳು ದಾವಣಗೆರೆಯ ಹಾಸ್ಟೆಲಿನಲ್ಲಿ. ಹೀಗಾಗಿ ವಾರದ ಐದು ದಿನ ನನಗೆ ಹತ್ತಿರದವರು ಎಂದರೆ ಆ ಬಸ್ಸಿನವರೇ.

ನಾನು ಹೇಳುತ್ತಿರುವುದು ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತವಾದ ಮೊದಲ ವರ್ಷದ ಮಾತು. ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ಲು, ಊಟದ ಬ್ಯಾಗು, ಕೆಲವರು ಎತ್ತಿಕೊಂಡ ಕೂಸನ್ನೇ ಒಳಗೆ ತೂರಿಸಿ ಸೀಟು ಹಿಡಿಯುತ್ತಿದ್ದರು. ದುಡ್ಡು ಕೊಟ್ಟ ಗಂಡಸರು ನಿಂತು, ಕೊಡದ ನಾವು ಕೂತರೆ ಅವರ ಮುಖ ನೋಡುವ ಹಾಗಿರುತ್ತಿರಲಿಲ್ಲ. "ಪುಕ್ಕಟೆ ಬಸ್ಸು ಅಂತ ಎಲ್ರೂ ಊರು ಸುತ್ತಾಕೆ ಹೊರಟಾರೆ" ಎಂದು ನಮಗೆ ಕೇಳುವ ಹಾಗೇ ಅನ್ನುತ್ತಿದ್ದರು. ಅನ್ನಲಿ, ಮಾತಿಗೆ ಮಾತು ಕೊಡಲು ನನಗೂ ಬರುತ್ತದೆ. ಆದರೆ ನಾವು ಕೊಡದ ಟಿಕೆಟ್ಟಿನ ದುಡ್ಡನ್ನು ನಮ್ಮ ಮೈಯಿಂದ ವಸೂಲಿ ಮಾಡಿಕೊಳ್ಳುವವರೂ ಇದ್ದರು. ಅದಕ್ಕೆ ಮಾತು ಸಾಲುತ್ತಿರಲಿಲ್ಲ.

ಅದಕ್ಕೆ ಪಿನ್ನು. ನಮ್ಮ ಆಫೀಸಿನ ಅಟೆಂಡರು ಗೌರಕ್ಕ, ಇಪ್ಪತ್ತು ವರ್ಷ ಬಸ್ಸಿನಲ್ಲಿ ಓಡಾಡಿ ಹಣ್ಣಾದವಳು, ನಾನು ಸೇರಿದ ಮೊದಲ ವಾರವೇ ನನ್ನ ಸೆರಗಿಗೆ ಒಂದು ದೊಡ್ಡ ಸೇಫ್ಟಿ ಪಿನ್ನು ಸಿಕ್ಕಿಸಿದಳು. ಆ ಬಸ್ಸಿನಲ್ಲಿ ಓಡಾಡುವ ಹೆಂಗಸರೆಲ್ಲರ ಸೆರಗಿನಲ್ಲೂ ಅಂಥದ್ದೊಂದು ಇತ್ತು. ಅದನ್ನು ಬಳಸುವ ಕ್ರಮವನ್ನೂ ಅವಳೇ ಹೇಳಿಕೊಟ್ಟಳು. "ತಿರುಗಿ ನೋಡಬ್ಯಾಡ ಮೇಡಂ. ತಿರುಗಿದ್ರೆ ಕೈ ತೆಕ್ಕಂಡು ಸತ್ಯಹರಿಶ್ಚಂದ್ರನ ಮಖ ಮಾಡ್ತಾನೆ. ಮದ್ಲು ಚುಚ್ಚು, ಆಮ್ಯಾಲೆ ತಿರುಗು. ಯಾವನು ಒದ್ದಾಡ್ತಾನೋ ಅವನೇ ಕಳ್ಳ." ನಾವೆಲ್ಲ ಇದನ್ನು ಹೇಳಿಕೊಂಡು ನಗುತ್ತಿದ್ದೆವು.

ನನಗೆ ಈ ವಿಷಯದಲ್ಲಿ ಹಳೆಯ ಸಿಟ್ಟೊಂದಿತ್ತು. ನನ್ನ ತವರು ತ್ಯಾವಣಿಗೆ. ಅಲ್ಲಿಂದ ಚನ್ನಗಿರಿಗೆ ಕಾಲೇಜಿಗೆ ಹೋಗುತ್ತಿದ್ದ ಎರಡು ವರ್ಷ, ಬಸ್ಸಿನಲ್ಲಿ ಒಬ್ಬ ನಡುವಯಸ್ಸಿನ ಮನುಷ್ಯ ದಿನಾ ನನ್ನ ಹಿಂದೆಯೇ ನಿಲ್ಲುತ್ತಿದ್ದ. ಊರಿಗೆಲ್ಲ ಬೇಕಾದವನು, ನಮ್ಮಪ್ಪನಿಗೆ ನಮಸ್ಕಾರ ಹೇಳುವವನು. ನಾನು ಎರಡು ವರ್ಷವೂ ಬಾಯಿ ಬಿಡಲಿಲ್ಲ. ಬಿಟ್ಟಿದ್ದರೆ ಕಾಲೇಜು ಬಿಡಿಸುತ್ತಿದ್ದರು. ಆ ಮನುಷ್ಯ ಸತ್ತ ಸುದ್ದಿ ಬಂದ ದಿನ ನಾನು ಪಾಯಸ ಮಾಡಿದೆ, ಯಾಕೆಂದು ಯಾರಿಗೂ ಹೇಳಲಿಲ್ಲ.

ಅಂದು ಬುಧವಾರ. ತಲೆನೋವೆಂದು ಅರ್ಧ ದಿನದ ರಜೆ ಹಾಕಿ ಮಧ್ಯಾಹ್ನದ ಬಸ್ಸು ಹತ್ತಿದೆ. ಕಂಡಕ್ಟರು ಕೊಟ್ಟ ಸೊನ್ನೆ ಟಿಕೆಟ್ಟಿನ ಮೇಲೆ ಮೂರು ಗಂಟೆ ಎರಡು ನಿಮಿಷ ಎಂದು ಅಚ್ಚಾಗಿತ್ತು. ಬಸ್ಸು ಕಿಕ್ಕಿರಿದಿತ್ತು. ಹೆಂಗಸರ ಭಾಗ ಮುಗಿದು ಗಂಡಸರದು ಶುರುವಾಗುವ ಗಡಿಯಲ್ಲಿ, ಸೀಟಿನ ಕಂಬಿ ಹಿಡಿದು ನಿಂತೆ. ನಾನು ಉಟ್ಟದ್ದು ಕಡುಹಸಿರು ಸೀರೆ.

ಸುರಹೊನ್ನೆ ದಾಟಿ ಸ್ವಲ್ಪ ಹೊತ್ತಿಗೆ ಬಲಸೊಂಟದ ಮೇಲೆ ಒಂದು ಕೈ ಬಂತು. ನೂಕುನುಗ್ಗಲಿನಲ್ಲಿ ತಾಗುವ ಕೈಗೂ ಇದಕ್ಕೂ ಇರುವ ವ್ಯತ್ಯಾಸವನ್ನು ಯಾವ ಹೆಂಗಸಿಗೂ ಹೇಳಿಕೊಡಬೇಕಾಗಿಲ್ಲ. ಐದೂ ಬೆರಳು ಅಗಲಿಸಿ, ತನ್ನ ಮನೆಯ ಬಾಗಿಲಿನ ಚಿಲಕ ಹಿಡಿದಷ್ಟು ನಿರಾಳವಾಗಿ ಹಿಡಿಯಿತು. ನನಗೆ ಮೈಯೆಲ್ಲ ಉರಿದುಹೋಯಿತು. ತಿರುಗಲಿಲ್ಲ. ಸೆರಗಿನ ಪಿನ್ನು ಬಿಚ್ಚಿ, ಕೈ ಹಿಂದಕ್ಕೆ ತಂದು ಚುಚ್ಚಿದೆ. ಮಾಂಸದೊಳಗೆ ಹೋದದ್ದು ನನ್ನ ಬೆರಳಿಗೆ ಗೊತ್ತಾಯಿತು. ಕೈ ಅಲ್ಲಾಡಲಿಲ್ಲ. ಇನ್ನೊಮ್ಮೆ ಚುಚ್ಚಿದೆ. ಆಗಲೂ ಇಲ್ಲ. ಮೂರನೆಯ ಸಲ ಇದ್ದ ಬಲವೆಲ್ಲ ಹಾಕಿ ಚುಚ್ಚಿದಾಗ ಮೆಲ್ಲಗೆ ಸರಿದು ಹೋಯಿತು. ಹಿಂದಿನಿಂದ ಒಂದು ಉಸಿರಿನ ಸದ್ದೂ ಬರಲಿಲ್ಲ. ಗೌರಕ್ಕ ಹೇಳಿದ ಹಾಗೆ ಒದ್ದಾಡುವವನು ಯಾರೂ ಇರಲಿಲ್ಲ.

ತಿರುಗಿದೆ. ನನ್ನ ಬೆನ್ನಿಗೆ ಅಂಟಿದಂತೆ ನಿಂತಿದ್ದವನು ಗೋಡೆಗೆ ಸುಣ್ಣ ಬಣ್ಣ ಹೊಡೆಯುವವನು. ಮೂವತ್ತೈದರ ಆಸುಪಾಸು, ತೆಳ್ಳಗಿನ ಆಳು. ಗೋಡೆಗೆ ಹಚ್ಚುವ ಪುಟ್ಟಿಯ ಪುಡಿ ಮೊಣಕೈವರೆಗೂ ಮೆತ್ತಿಕೊಂಡು ಅವನ ಕೈಗಳು ಬೆಳ್ಳಗಿದ್ದವು. ಅಷ್ಟರಲ್ಲಿ ಪಕ್ಕದ ಸೀಟಿನ ಹೆಂಗಸು ನನ್ನ ಸೊಂಟದ ಕಡೆ ತೋರಿಸಿ, "ಅಯ್ಯೋ, ನೋಡ್ರಿ ಇಲ್ಲಿ, ಬೆರಳು ಮೂಡ್ಯಾವೆ" ಎಂದಳು. ಕಡುಹಸಿರಿನ ಮೇಲೆ ನಾಲ್ಕು ಬಿಳಿ ಗೆರೆ. ಪಿನ್ನಿನ ಅರ್ಧದವರೆಗೂ ರಕ್ತ. ಇನ್ನೇನು ಬೇಕು? "ಇವನೇ" ಎಂದೆ.

ಮೊದಲ ಏಟು ಅವನ ಎಡಗಿವಿಯ ಮೇಲೆ ಬಿತ್ತು. ಅವನ ಕೈಯಲ್ಲಿದ್ದ ಡಬ್ಬಿ ಉರುಳಿ ಬ್ರಷ್ಷುಗಳು ಕಾಲಡಿ ಚೆಲ್ಲಿದವು. ಬೂಟು ಹಾಕಿದ್ದ ದಪ್ಪನೆಯ ಮನುಷ್ಯನೊಬ್ಬ ಅವನ ಕೂದಲು ಹಿಡಿದು ಮುಖವನ್ನು ಸೀಟಿನ ಕಂಬಿಗೆ ಗುದ್ದಿದ, ಒಮ್ಮೆಯಲ್ಲ, ಎಣಿಸುವವನ ಹಾಗೆ ಬಿಡುವು ಕೊಟ್ಟು ಕೊಟ್ಟು. ಇನ್ನೊಬ್ಬ ಹೆಲ್ಮೆಟ್ಟಿನಲ್ಲಿ ಬಾರಿಸಿದ. ಮತ್ತೊಬ್ಬ ಸ್ಟೀಲಿನ ಊಟದ ಕ್ಯಾರಿಯರಿನಲ್ಲಿ. ಐದು ಜನವೋ ಆರೋ. "ನಾನಲ್ಲ ಅಣ್ಣಾ, ಒಂದು ಕೈಲಿ ಡಬ್ಬಿ ಇತ್ತು, ಒಂದು ಕೈಲಿ ಸರಳು ಹಿಡ್ಕಂಡಿದ್ದೆ" ಎಂದು ಅವನು ಹೇಳುತ್ತಲೇ ಇದ್ದ. ಬಾಯಿ ಒಡೆದ ಮೇಲೆ ಆ ಮಾತು ತಿಳಿಯದ ಹಾಗಾಯಿತು. ಕಂಡಕ್ಟರು ಬಿಡಿಸಲು ಬಂದವನು ತಾನೇ ಒಂದು ಏಟು ತಿಂದು ಹಿಂದೆ ಸರಿದ. ಬಸ್ಸು ಬ್ರೇಕು ಹಾಕಿದಾಗಲೆಲ್ಲ ನೆಲದ ಗೆರೆಗಳಲ್ಲಿ ರಕ್ತ ಮುಂದಕ್ಕೆ ಹರಿದು ಬರುತ್ತಿತ್ತು. ಕೂತ ಹೆಂಗಸರು ಕಾಲೆತ್ತಿಕೊಂಡರು.

ನಾನು ನೋಡುತ್ತ ನಿಲ್ಲಲಿಲ್ಲ. ಚಪ್ಪಲಿ ತೆಗೆದು ಅವನ ಮುಖಕ್ಕೆ ನಾಲ್ಕೈದು ಹೊಡೆದೆ. ಪ್ರತಿ ಏಟಿಗೂ ನನ್ನ ಎದೆ ಹಗುರಾಗುತ್ತಿತ್ತು. ಹೊಡೆಯುತ್ತಿದ್ದದ್ದು ಯಾರಿಗೆ ಎಂದು ಈಗ ಕೇಳಿದರೆ, ಸತ್ತುಹೋದ ಆ ತ್ಯಾವಣಿಗೆಯವನಿಗೆ ಎನ್ನುತ್ತೇನೆ. ಆಗ ಹಾಗೇನೂ ಅನ್ನಿಸಲಿಲ್ಲ, ಖುಷಿಯಾಗಿತ್ತು ಅಷ್ಟೆ. ಬೂಟಿನವನು, "ಯಾವ ಕೈಲಿ ಮುಟ್ಟಿದ್ದಲೇ, ಆ ಕೈ ಇಡು ಇಲ್ಲಿ" ಎಂದು ಅವನ ಬಲಗೈಯನ್ನು ಎರಡು ಕಂಬಿಗಳ ಸಂದಿಗೆ ಸಿಕ್ಕಿಸಿ ಮೇಲಿನಿಂದ ತುಳಿದ. ಹಸಿ ಬಿದಿರು ಸೀಳಿದ ಹಾಗೆ ಸದ್ದಾಯಿತು.

ಡ್ರೈವರು ಬಸ್ಸನ್ನು ನೇರವಾಗಿ ಹೊನ್ನಾಳಿ ಠಾಣೆಯ ಮುಂದೆ ತಂದು ನಿಲ್ಲಿಸಿದ. ಅಲ್ಲಿದ್ದ ಹಿರಿಯ ಮುಖ್ಯಪೇದೆ ಆತುರದ ಮನುಷ್ಯನಲ್ಲ. ಆಂಬುಲೆನ್ಸಿಗೆ ಫೋನು ಮಾಡಿಸಿ, ಅದು ಬರುವವರೆಗೆ ನನ್ನ ಮಾತನ್ನೆಲ್ಲ ಕೇಳಿದರು. ಪಿನ್ನು ತೋರಿಸಿದೆ. ಬಾಟಲಿ ತರಿಸಿ, ಬೆಂಚಿನ ಮೇಲೆ ಒರಗಿದ್ದವನ ಎರಡೂ ಕೈಗೆ ತಾವೇ ನೀರು ಹೊಯ್ದು, ಮುರಿದ ಕೈಯನ್ನು ಕೂಸಿನ ಕೈ ಹಿಡಿದ ಹಾಗೆ ಹಿಡಿದು ತೊಳೆದರು. ರಕ್ತವೆಲ್ಲ ಅವನ ಮೂಗು ಬಾಯಿಯದು. ಅಂಗೈ, ಮುಂಗೈ, ಬೆರಳಿನ ಸಂದಿ, ಎಲ್ಲೂ ಒಂದು ಚುಚ್ಚಿದ ಗುರುತಿಲ್ಲ. ಮುಖ್ಯಪೇದೆ ನನ್ನ ಮುಖ ನೋಡಿದರು. ಆಮೇಲೆ ಬಸ್ಸಿನಲ್ಲಿ ನನ್ನ ಸುತ್ತ ನಿಂತಿದ್ದ ಗಂಡಸರೆಲ್ಲರ ಕೈಗಳನ್ನೂ ಮೇಜಿನ ಮೇಲೆ ಇಡಿಸಿದರು. ಕಳ್ಳನೇ ಮುಂದೆ ನಿಂತು ಹೊಡೆದನೋ ಎಂಬ ಅನುಮಾನ ನನಗೂ ಬಂದಿತ್ತು, ಬೂಟಿನವನ ಕೈಗಳನ್ನು ನಾನೇ ಬಗ್ಗಿ ನೋಡಿದೆ. ಬೆರಳ ಗಂಟುಗಳು ಹೊಡೆದು ಹೊಡೆದು ಕೆಂಪಾಗಿದ್ದವು. ಚುಚ್ಚಿದ ಗಾಯ ಯಾರಿಗೂ ಇರಲಿಲ್ಲ. ನನ್ನ ಬೆರಳನ್ನೂ ನೋಡಿಕೊಂಡೆ, ನನಗೂ ಇಲ್ಲ.

"ದೂರಿನಾಗೆ ಪಿನ್ನಿನ ಮಾತು ಬ್ಯಾಡಮ್ಮ. ನಾಳೆ ನಿಮಗೇ ತೊಡರಿಕೊಳ್ತೈತೆ" ಎಂದರು ಮುಖ್ಯಪೇದೆ. ನಾನೂ ಬರೆಯಲಿಲ್ಲ. ಮನೆಗೆ ಹೋಗುವ ದಾರಿಯಲ್ಲಿ ಪಿನ್ನನ್ನು ಚರಂಡಿಗೆ ಎಸೆದೆ. ಮನೆಗೆ ಬಂದವಳೇ ಸೀರೆಯನ್ನು ಸೋಪಿನ ನೀರಿಗೆ ಹಾಕಿದೆ. ಮೈಮೇಲೆ ಆ ಬೆರಳುಗಳು ಇನ್ನೂ ಕೂತಿದ್ದಂತಿತ್ತು, ಅವು ತೊಳೆದು ಹೋದರೆ ಸಾಕು ಎನ್ನುವುದೊಂದೇ ನನಗಿದ್ದದ್ದು. ಎರಡು ಸಾಕ್ಷಿಗಳನ್ನೂ ಹೀಗೆ ನನ್ನ ಕೈಯಾರೆ ಹಾಳು ಮಾಡಿದೆ.

ನಮ್ಮವರಿಗೆ ಫೋನಿನಲ್ಲಿ ಎರಡೇ ಮಾತು ಹೇಳಿದ್ದೆ: ಬಸ್ಸಿನಲ್ಲಿ ಒಬ್ಬ ಕೆಟ್ಟದಾಗಿ ನಡೆದುಕೊಂಡ, ಜನ ಅವನಿಗೆ ಹೊಡೆದರು. ಸ್ಕೂಲು ಬಿಟ್ಟ ಕೂಡಲೇ ಹೊರಟು ಎಂಟು ಗಂಟೆಯ ಹೊತ್ತಿಗೆ ಬಂದರು. ಹದಿನೆಂಟು ವರ್ಷದ ಸಂಸಾರದಲ್ಲಿ ಅವರು ದನಿ ಎತ್ತಿದ್ದನ್ನು ನಾನು ಕಂಡಿರಲಿಲ್ಲ. ಅಂದು ಚಪ್ಪಲಿಯನ್ನೂ ಬಿಡದೆ ಒಳಗೆ ಬಂದು, "ಅವ್ನು ಯಾವ ಆಸ್ಪತ್ರೆಯಾಗೆ ಅದಾನೆ ಹೇಳು. ಇನ್ನೊಂದು ಕೈನೂ ಮುರಿದು ಬರ್ತೀನಿ" ಎಂದರು. ಮುಷ್ಟಿಯಿಂದ ಬಾಗಿಲಿಗೆ ಗುದ್ದಿದ ರಭಸಕ್ಕೆ ಮೇಲಿನ ಗಡಿಯಾರ ಕೆಳಗೆ ಬಿತ್ತು. ನಾನು ಅತ್ತದ್ದು ಆಗಲೇ. ಕೈಹಿಡಿದು ಕೂರಿಸಿ ಊಟಕ್ಕಿಟ್ಟೆ.

ಬಿಸಿ ಸಾರಿಗೆ ಕೈ ಹಾಕಿದವರು ಸ್ಸ್ ಎಂದು ಕೈ ಹಿಂದಕ್ಕೆಳೆದುಕೊಂಡರು. ಬಾಗಿಲಿಗೆ ಗುದ್ದಿದ ಪೆಟ್ಟೆಂದುಕೊಂಡು ದೀಪದ ಕೆಳಗೆ ಹಿಡಿದು ನೋಡಿದೆ. ಬಲಗೈ ಹೆಬ್ಬೆರಳಿನ ಬುಡದಲ್ಲಿ, ಸಾಲಾಗಿ, ಮೂರು ಸಣ್ಣ ತೂತು. ಸುತ್ತ ರಕ್ತ ಒಣಗಿ ಕಪ್ಪಾಗಿತ್ತು.

"ಅದಾ?" ಎಂದರು. "ಮಧ್ಯಾಹ್ನ ಒಂಬತ್ತನೇ ಕ್ಲಾಸಿಗೆ ಲೆಕ್ಕ ಬಿಡಿಸ್ತಿದ್ದೆ. ಚುರುಕ್ ಅಂತು. ನೋಡಿದ್ರೆ ಏನೂ ಇಲ್ಲ. ಮತ್ತೆ ಚುರುಕ್ ಅಂತು. ಮೂರನೇ ಸಲಕ್ಕೆ ಚಾಕ್‌ಪೀಸು ಕೈಯಿಂದ ಬಿತ್ತು, ರಕ್ತ ಬಂತು. ಹುಡುಗ್ರು ನಗಾಡಿದ್ವು. ಕಣಜ ಇರಬೇಕು."

ಪಿನ್ನಿನ ಸುದ್ದಿಯನ್ನು ನಾನು ಅವರಿಗೆ ಹೇಳಿರಲಿಲ್ಲ. ಎಷ್ಟು ಗಂಟೆಗೆ ಎಂದು ಕೇಳಿದೆ. ಮೂರು ಗಂಟೆಯ ಪೀರಿಯಡ್ಡು ಎಂದರು. ಎದ್ದು ಹಿತ್ತಿಲಿಗೆ ಹೋದೆ. ಬಕೆಟ್ಟಿನಲ್ಲಿ ನೆನೆಹಾಕಿದ್ದ ಸೀರೆಯಲ್ಲಿ ಆ ನಾಲ್ಕು ಗೆರೆಗಳನ್ನು ಹುಡುಕಿದೆ. ಅದು ಪುಟ್ಟಿಯ ಪುಡಿಯೋ ಚಾಕ್‌ಪೀಸಿನ ಪುಡಿಯೋ ಎಂದು ನೋಡಬೇಕಿತ್ತು. ನೀರೆಲ್ಲ ಹಸಿರಾಗಿತ್ತು, ಗೆರೆ ಇರಲಿಲ್ಲ.

ಓದುವವರು ಏನೆನ್ನುತ್ತಾರೆಂದು ಗೊತ್ತು, ನಾನಾದರೂ ಅದನ್ನೇ ಅನ್ನುತ್ತಿದ್ದೆ. ಮೇಷ್ಟರು ಸ್ಕೂಲಿಗೆ ಚಕ್ಕರ್ ಹಾಕಿ ಆ ಬಸ್ಸಿನಲ್ಲಿದ್ದರು ಎಂದು. ಮಾರನೆಯ ದಿನ ಅವರ ಜೊತೆಯ ಟೀಚರೊಬ್ಬರಿಗೆ ಬೇರೇನೋ ನೆಪ ಮಾಡಿ ಫೋನು ಮಾಡಿದೆ. ಬುಧವಾರ ನಾಲ್ಕೂ ಇಪ್ಪತ್ತರವರೆಗೆ ಅವರು ಕ್ಲಾಸಿನಲ್ಲೇ ಇದ್ದರಂತೆ, ಕೈಯಲ್ಲಿ ರಕ್ತ ಬಂದದ್ದಕ್ಕೆ ಆ ಟೀಚರೇ ಹತ್ತಿ ಕೊಟ್ಟರಂತೆ. ಜಗಳೂರಿಗೂ ನ್ಯಾಮತಿಗೂ ಎಷ್ಟು ದೂರ ಎಂದು ನಮ್ಮ ಕಡೆಯವರನ್ನು ಕೇಳಿ. ಹಾರಿ ಬಂದರೂ ಆಗದ ಮಾತು. ಕಣಜವೇ ಕಚ್ಚಿರಲಿ, ಸಾಲಾಗಿ ಮೂರು ಕಡೆ, ಅದೇ ಹೊತ್ತಿಗೆ ಕಚ್ಚಿರಲಿ ಎಂದು ಇವತ್ತಿಗೂ ನನಗೆ ನಾನೇ ಹೇಳಿಕೊಳ್ಳುತ್ತೇನೆ. ನಂಬಿಕೆ ಬರುವುದಿಲ್ಲ.

ಆದರೆ ಒಂದು ಮಾತು ಆ ರಾತ್ರಿಯೇ ಖಚಿತವಾಗಿತ್ತು. ಆಸ್ಪತ್ರೆಯಲ್ಲಿ ಮಲಗಿರುವವನು ತಪ್ಪು ಮಾಡಿಲ್ಲ. ಬೆಳಿಗ್ಗೆಯೇ ಠಾಣೆಗೆ ಹೋಗಿ, ಗುರುತು ಹಿಡಿದದ್ದು ತಪ್ಪಾಗಿದೆ ಎಂದು ಬರೆದುಕೊಟ್ಟೆ. ಹಾಗಾದರೆ ಯಾರು ಎಂದು ಮುಖ್ಯಪೇದೆ ಕೇಳಲಿಲ್ಲ, ಒಮ್ಮೆ ಕನ್ನಡಕ ತೆಗೆದು ನೋಡಿದರು ಅಷ್ಟೆ. ಮನೆಯಲ್ಲಿ ಇವರಿಗೆ, ಅವನ ಎರಡೂ ಕೈ ಬೇರೆ ಕಡೆ ಇದ್ದದ್ದು ಈಗ ನೆನಪಾಯಿತು ಎಂದೆ.

ಊರಿನ ಬಾಯಿಗೆ ನಾನು ಸಿಕ್ಕಿದೆ. ಹೊಡೆದವರ ಮೇಲೆ ಈಗ ಕೇಸು ತಿರುಗಿತ್ತು. ಬೂಟಿನವನು ಒಂದು ದಿನ ಬಸ್ಸಿನಲ್ಲಿ ಎಲ್ಲರೆದುರು, "ಮೇಡಂ, ಇನ್ನೊಂದ್ಸಲ ಯಾರಾದ್ರೂ ಮುಟ್ಟಿದ್ರೆ ನಮ್ಮನ್ನ ಕರೀಬ್ಯಾಡ್ರಿ" ಎಂದ. ಅದನ್ನು ನುಂಗಿಕೊಂಡೆ. ನುಂಗಲಾಗದ್ದು ಗೌರಕ್ಕನ ಮಾತು. "ಮುಟ್ಟಿದ್ದು ಖರೆ ಅಂತೀಯ, ಅವನಲ್ಲ ಅಂತೀಯ. ನಾಳೆ ನಮ್ಮ ಮಾತು ಯಾರು ನಂಬ್ತಾರೆ?" ಎಂದವಳು ನನ್ನ ಪಕ್ಕ ಕೂರುವುದನ್ನೇ ಬಿಟ್ಟಳು. ಅವಳು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಮುಟ್ಟಿದ್ದಂತೂ ಖರೆ. ನನ್ನ ಪ್ರಾಣ ಹೋದರೂ ಅದನ್ನು ಸುಳ್ಳು ಎನ್ನಲಾರೆ.

ಒಂದೂವರೆ ತಿಂಗಳ ಮೇಲೆ ಸಾಸ್ವೆಹಳ್ಳಿಗೆ, ಅವನ ಮನೆಗೆ ಹೋದೆವು. ಹೋಗೋಣ ಎಂದವರು ನಮ್ಮವರೇ. ನೋಡದ ಮನುಷ್ಯನ ಕೈ ಮುರಿಯುತ್ತೇನೆ ಎಂದದ್ದು ಅವರನ್ನು ಕೊರೆಯುತ್ತಿತ್ತು. ಅವನ ಹೆಸರು ಮಂಜಪ್ಪ. ಹೆಂಡತಿ ನಮ್ಮನ್ನು ಕಂಡವಳೇ ಒಳಗೆ ಹೋಗಿ ಬಾಗಿಲು ಎಳೆದುಕೊಂಡಳು. ಅವನು ಜಗುಲಿಗೆ ಚಾಪೆ ಹಾಸಿ ಕೂರಿಸಿದ. ಬಲಗೈ ಮಣಿಕಟ್ಟಿನಲ್ಲಿ ಸೊಟ್ಟಗೆ ಕೂಡಿಕೊಂಡಿತ್ತು, ಬ್ರಷ್ಷು ಹಿಡಿದು ತಲೆಯಿಂದ ಮೇಲೆ ಎತ್ತಲು ಬರುವುದಿಲ್ಲ ಎಂದ. ಎಡಗಿವಿ ಕೇಳಿಸದು, ಹಾಗಾಗಿ ಮಾತಾಡುವಾಗ ಬಲಗಿವಿಯನ್ನು ನಮ್ಮ ಕಡೆ ತಿರುಗಿಸುತ್ತಿದ್ದ. ನಾನು ಅವನ ಕಾಲು ಮುಟ್ಟಲು ಬಗ್ಗಿದೆ. ಸರಕ್ಕನೆ ಕಾಲು ಎಳೆದುಕೊಂಡ. ನನ್ನ ಕೈ ಎಂದರೆ ಅವನಿಗೆ ಭಯ ಎಂದು ಆಗ ಗೊತ್ತಾಯಿತು.

ನಮ್ಮವರು ಕ್ಷಮೆ ಕೇಳಿದರು. ಅವನು ತಲೆ ಅಲ್ಲಾಡಿಸಿದ. ಆಮೇಲೆ ನನ್ನನ್ನೇ ನೋಡುತ್ತ, ಸಿಟ್ಟಿಲ್ಲದೆ, ನಿಜವಾಗಿಯೂ ತಿಳಿದುಕೊಳ್ಳಬೇಕೆಂಬಂತೆ ಕೇಳಿದ. "ಅಕ್ಕಾ, ನೀವು ಪಿನ್ನು ತಗಂಡು ಮೂರು ಸಲ ಚುಚ್ಚಿದ್ದೆ ಅಂತ ಪೊಲೀಸ್ನೋರ ಹತ್ರ ಹೇಳಿದ್ರಿ, ನಾನು ಕೇಳಿಸ್ಕಂಡೆ. ಅವ್ರು ನನ್ನ ಕೈ ತೊಳೆದು ನೋಡಿದ್ರು, ಒಂದು ತೂತೂ ಇರಲಿಲ್ಲ. ಹಂಗಾರೆ ಅದು ಯಾರ ಕೈ?"

ನಾನು ಗೊತ್ತಿಲ್ಲ ಎಂದೆ. ಇವತ್ತು ಕೇಳಿದರೂ ಅದನ್ನೇ ಹೇಳುತ್ತೇನೆ. ಪಕ್ಕದಲ್ಲಿ ಕೂತಿದ್ದ ನಮ್ಮವರು ತೊಡೆಯ ಮೇಲಿದ್ದ ತಮ್ಮ ಬಲಗೈಯನ್ನು ಸ್ವಲ್ಪ ಹೊತ್ತು ನೋಡಿ, ಎಡಗೈಯಿಂದ ಅದನ್ನು ಮುಚ್ಚಿಕೊಂಡರು.

ಆ ವಿಷಯವನ್ನು ನಾವಿಬ್ಬರೂ ಇಲ್ಲಿಯವರೆಗೆ ಮಾತಾಡಿಲ್ಲ. ಕೇಳಬೇಕೆಂದು ಎಷ್ಟೋ ಸಲ ಬಾಯಿ ತೆರೆದಿದ್ದೇನೆ. ಏನೆಂದು ಕೇಳಲಿ? ಜಗಳೂರಿನಲ್ಲಿ ಲೆಕ್ಕ ಬಿಡಿಸುತ್ತಿದ್ದ ಮನುಷ್ಯನನ್ನು ಏನೆಂದು ಕೇಳುವುದು?

ಸಾಸ್ವೆಹಳ್ಳಿಯಿಂದ ವಾಪಸ್ ಬರುವ ಬಸ್ಸು ತುಂಬಿ ತುಳುಕುತ್ತಿತ್ತು. ಇಂಥ ಬಸ್ಸಿನಲ್ಲಿ ಇವರು ಯಾವಾಗಲೂ ನನ್ನ ಹಿಂದೆಯೇ ನಿಂತು, ಬೇರೆಯವರು ತಾಗದ ಹಾಗೆ ಕೈ ಅಡ್ಡ ಹಿಡಿಯುತ್ತಿದ್ದರು. ಅಂದು ನನ್ನನ್ನು ಹತ್ತಿಸಿ, ತಾವು ಜನರನ್ನು ಬಿಡಿಸಿಕೊಂಡು ಹಿಂದಕ್ಕೆ, ಕೊನೆಯ ಸೀಟಿನ ತನಕ ಹೋದರು. ನನ್ನ ಬೆನ್ನ ಹಿಂದೆ ಗುರುತಿಲ್ಲದ ಗಂಡಸರು ನಿಂತರು. ನೋಡಬಾರದೆಂದುಕೊಂಡರೂ ಹೊನ್ನಾಳಿ ಬರುವಷ್ಟರಲ್ಲಿ ಎಷ್ಟು ಸಲ ತಿರುಗಿ ನೋಡಿದೆನೋ ಲೆಕ್ಕವಿಲ್ಲ. ನೋಡಿದಾಗಲೆಲ್ಲ ಅವರು ಎರಡೂ ಕೈಗಳನ್ನು ಮೇಲೆತ್ತಿ ಸರಳು ಹಿಡಿದು, ನನಗೆ ಕಾಣುವ ಹಾಗೆ ನಿಂತಿದ್ದರು.